ಹೆಸರು ಸಿಗದ ಹತಾರ

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಬಡಗಿಗಳಿಗೆ, ಬಡಗಿಗಳ ಹೆಂಡಿರಿಗೆ, ಎದುರಿನ ಸೈಕಲ್ ಅಂಗಡಿಯವನಿಗೆ, ಎಲ್ಲರಿಗೂ ಅವಳು ಗರಗಸದಕ್ಕ. ಮೊಂಡಾದ ಗರಗಸ ತಂದುಕೊಟ್ಟರೆ ಸಂಜೆಯೊಳಗೆ ಹಲ್ಲು ಮಸೆದು ಕೊಡುತ್ತಿದ್ದಳು. "ಅಕ್ಕನ ಅಂಗಡಿಗೆ ಹೋದ್ರೆ ಗರಗಸಕ್ಕೆ ಹಲ್ಲು ಬರುತ್ತೆ, ನಮಗೆ ನಾಲ್ಕು ಮಾತು ಬೀಳುತ್ತೆ" ಎಂದು ಬಡಗಿಗಳು ನಗುತ್ತಿದ್ದರು. ಮಾತಿನಲ್ಲಿ ಅವಳು ಯಾರಿಗೂ ಸೋತವಳಲ್ಲ. ಅದೊಂದು ಹೆಮ್ಮೆಯೂ ಅವಳಿಗಿತ್ತು, ನಲವತ್ತೈದನೆಯ ವಯಸ್ಸಿನವರೆಗೆ.

ಕೆಲಸ ಅಪ್ಪನಿಂದ ಬಂದದ್ದು. ಅಣ್ಣನಿಗೆ ಗರಗಸದ ಮೇಲೆ ಅರ ಉಜ್ಜುವ ಸದ್ದು ಕೇಳಿದರೆ ಹಲ್ಲು ಜುಮ್ಮೆನ್ನುತ್ತಿತ್ತು, ಅವನು ಲಾರಿ ಓಡಿಸಲು ಹೋದ. ಇವಳು ಮದುವೆಯಾದರೂ ಎರಡು ಬೀದಿ ಆಚೆಯ ದರ್ಜಿಯನ್ನೇ ಆದದ್ದರಿಂದ ಅಂಗಡಿ ಬಿಡಲಿಲ್ಲ. ಎರಡು ಮಾರು ಅಗಲದ ಅಂಗಡಿ. ಕಿಟಕಿಯ ಕೆಳಗೆ ಒಂದು ಬೆಂಚು, ಅದರ ಮೇಲೆ ಗರಗಸವನ್ನು ಬೆನ್ನು ಕೆಳಗಾಗಿ ಹಿಡಿದು ನಿಲ್ಲಿಸುವ ಎರಡು ಮರದ ದವಡೆ. ಅಪ್ಪ ಗರಗಸವನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ತೋರಿಸುತ್ತಿದ್ದ. ತುದಿ ಮಿನುಗಿದರೆ ಆ ಹಲ್ಲು ಸವೆದಿದೆ ಎಂದರ್ಥ. ತುದಿ ಕಾಣದಷ್ಟು ಕಪ್ಪಗಿದ್ದರೆ ಅದು ಹರಿತ. "ಇದು ಕೈಕೆಲಸ ಅಂತ ಜನ ಅಂದ್ಕೋತಾರೆ. ಅಲ್ಲ ಮಗಳೇ, ಇದು ಕಣ್ಣಿನ ಕೆಲಸ" ಎನ್ನುತ್ತಿದ್ದ. ಹತ್ತು ವರ್ಷ ಕಳೆಯುವಷ್ಟರಲ್ಲಿ ಅವಳಿಗೆ ಹಲ್ಲಿನ ಸಾಲು ನೋಡಿದರೆ ಮಸೆದವರು ಯಾರು ಎಂದು ಹೇಳಲು ಬರುತ್ತಿತ್ತು. ಒಬ್ಬನ ಕೈ ಎಡಕ್ಕೆ ವಾಲುತ್ತದೆ, ಇನ್ನೊಬ್ಬನದು ಸಾಲಿನ ಕೊನೆಗೆ ಬಂದಾಗ ದಣಿಯುತ್ತದೆ. ಅಕ್ಷರ ಗುರುತಿಸಿದಂತೆ ಗುರುತಿಸುತ್ತಿದ್ದಳು.

ಬೀದಿಯ ತುದಿಯಲ್ಲಿ ಕೆಲಸದ ಮನೆ ಇಟ್ಟುಕೊಂಡಿದ್ದ ಮುದುಕ ಬಡಗಿಯನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಅವನು ತೀರಿಕೊಂಡು ಒಂದು ತಿಂಗಳಾಗಿರಬಹುದು, ಅವನ ತಂಗಿ ಗರಗಸದಕ್ಕನ ಅಂಗಡಿಯ ಮೆಟ್ಟಿಲು ಹತ್ತಿ ಬಂದಳು. ಗಂಡ ಸತ್ತ ಮೇಲೆ ಅಣ್ಣನ ಮನೆಯಲ್ಲೇ ಇದ್ದ ಹೆಂಗಸು. ಹನ್ನೊಂದು ವರ್ಷದಿಂದ ಆ ಎರಡು ಮನೆಗಳ ನಡುವೆ ಮಾತಿರಲಿಲ್ಲ.

"ಅಣ್ಣನ ಹತಾರಗಳನ್ನ ಕಸಬಿನ ಶಾಲೆಯವರು ಕೇಳಿದ್ದಾರೆ. ಒಂದು ಕೋಣೇಲಿ ಜೋಡಿಸಿಡ್ತಾರಂತೆ. ಒಂದೊಂದಕ್ಕೂ ಹೆಸರು, ಉಪಯೋಗ ಬರೆದು ಚೀಟಿ ಕಟ್ಟಿ ಕೊಡಬೇಕಂತೆ. ನಿನ್ನ ಬಿಟ್ರೆ ಇದೆಲ್ಲ ಗೊತ್ತಿರೋರು ಈ ಬೀದೀಲಿ ಯಾರಿದ್ದಾರೆ ಹೇಳು?"

ಆಗಲ್ಲ ಎಂದು ಹೇಳಲು ಗರಗಸದಕ್ಕ ಬಾಯಿ ತೆರೆದಳು. ಆದರೆ ಆ ಹತಾರಗಳನ್ನು ನೋಡುವ ಆಸೆ ಅವಳಿಗೆ ಚಿಕ್ಕಂದಿನಿಂದ ಇತ್ತು. "ನಾಳೆ ಬರ್ತೀನಿ ಅತ್ತೆ" ಎಂದಳು. ಅತ್ತೆ ಎಂದು ಬಾಯಿಗೆ ಬಂದದ್ದು ಅವಳಿಗೇ ಆಶ್ಚರ್ಯವಾಯಿತು.

ಮೇಸ್ತ್ರಿ ಒಂದು ಕಾಲಕ್ಕೆ ಅವಳ ಬಾಯಲ್ಲಿ ದೊಡ್ಡಪ್ಪನಾಗಿದ್ದ. ಅಪ್ಪನೂ ಅವನೂ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ಮೂವತ್ತು ವರ್ಷ ಮೇಸ್ತ್ರಿಯ ಗರಗಸಗಳು ಅಪ್ಪನ ಅಂಗಡಿ ಬಿಟ್ಟು ಬೇರೆಲ್ಲೂ ಹೋದದ್ದಿಲ್ಲ. ಆಮೇಲೆ ಒಂದು ದಿನ ಅಪ್ಪ ಬೀದಿಯಲ್ಲಿ ಮಾತಾಡಿಸಲು ಕೈ ಎತ್ತಿದ, ಮೇಸ್ತ್ರಿ ನೋಡದ ಹಾಗೆ ಹೋದ. ಏನೋ ಯೋಚನೆಯಲ್ಲಿದ್ದಾನೆ ಎಂದುಕೊಂಡ ಅಪ್ಪ. ಮತ್ತೊಂದು ದಿನವೂ ಹಾಗೇ ಆಯಿತು. ಮೂರನೆಯ ಸಲ ಸೈಕಲ್ ಅಂಗಡಿಯ ಮುಂದೆ ನಾಲ್ಕು ಜನರ ಎದುರಿಗೇ ಆಯಿತು, ಅವರಲ್ಲೊಬ್ಬ ನಕ್ಕ. ಅಪ್ಪ ಮನೆಗೆ ಬಂದು, "ದೊಡ್ಡ ಮನುಷ್ಯ ಆಗ್ಬಿಟ್ಟ ಅವನು" ಎಂದಷ್ಟೇ ಹೇಳಿ ಗೋಡೆ ಕಡೆ ತಿರುಗಿ ಮಲಗಿದ. ಅದೇ ವಾರ ಮಸೆಯಲೆಂದು ಮೇಸ್ತ್ರಿಯ ಆರು ಗರಗಸ ಬಂದಿದ್ದವು. ಅಪ್ಪ ಮುಟ್ಟಲಿಲ್ಲ. "ಹೋಗಿ ವಾಪಸ್ ಕೊಟ್ಟು ಬಾ" ಎಂದ.

ಆಗ ಅವಳಿಗೆ ಮೂವತ್ತನಾಲ್ಕು. ಗರಗಸಗಳನ್ನು ಹೊತ್ತುಕೊಂಡು ಹೋದಳು. ಮೇಸ್ತ್ರಿ ಬೆಂಚಿನ ಹಿಂದೆ ನಿಂತಿದ್ದ. ಬೆಂಚಿನ ಮೇಲೆ ಇಡಬಹುದಿತ್ತು. ಅವಳು ಬಾಗಿಲ ಒಳಗೆ, ದಾರಿಯಲ್ಲೇ, ನೆಲಕ್ಕೆ ಧಡಾರನೆ ಹಾಕಿದಳು. ಅಪ್ಪ ಹೇಳದ ಮಾತನ್ನೂ ಸೇರಿಸಿದಳು: "ನಾವು ನಿಮ್ಮ ಕಣ್ಣಿಗೇ ಕಾಣಲ್ವಲ್ಲ. ಕಾಣೋರ ಹತ್ರ ಮಾಡಿಸ್ಕೊಳ್ಳಿ."

ಮೇಸ್ತ್ರಿ "ಸರಿ ಕಣಮ್ಮ" ಎಂದ. ಅಷ್ಟೆ.

ಎರಡು ವರ್ಷಕ್ಕೆ ಅಪ್ಪ ಹೋದ. ಮೇಸ್ತ್ರಿ ತಂಗಿಯ ತೋಳು ಹಿಡಿದು ಬಂದು ಪಡಸಾಲೆಯಲ್ಲಿ ನಿಂತ. ಅಪ್ಪನನ್ನು ಎಡಗಡೆ ಚಾಪೆಯ ಮೇಲೆ ಮಲಗಿಸಿತ್ತು. ಅವನು ಬಲಗಡೆ ಗೋಡೆಯ ಮೇಲಿನ ಗಡಿಯಾರದ ಕಡೆ ಮುಖ ಮಾಡಿ ನಿಂತು, ಹಾಗೇ ಹೊರಟುಹೋದ. ಸತ್ತವನ ಮುಖವನ್ನೂ ನೋಡಲಿಲ್ಲವಲ್ಲ ಎಂದುಕೊಂಡಳು. ಆಮೇಲೆ ಅವಳು ಆ ಕಡೆ ಕಾಲಿಡಲಿಲ್ಲ.

ಮೇಸ್ತ್ರಿಯ ಕೆಲಸದ ಮನೆಗೆ ಕಿಟಕಿಯೇ ಇಲ್ಲವೇನೋ ಅನ್ನಿಸಿತು, ಒಳಗೆ ಹೋದ ಮೊದಲ ದಿನ. ಇದ್ದ ಎರಡು ಕಿಟಕಿಗೂ ಹಲಗೆ ಬಡಿದು ಅದರ ಮೇಲೆ ಹತಾರ ತೂಗುಹಾಕಿತ್ತು. ಬಾಗಿಲಿಂದ ಬಿದ್ದ ಬೆಳಕು ಬೆಂಚಿನವರೆಗೆ ಮಾತ್ರ ಹೋಗುತ್ತಿತ್ತು. ಸ್ವಿಚ್ ಒತ್ತಿದಳು. ಏನೂ ಆಗಲಿಲ್ಲ. ತಲೆ ಎತ್ತಿ ನೋಡಿದರೆ ಹೋಲ್ಡರಿನಲ್ಲಿ ಬಲ್ಬೇ ಇಲ್ಲ, ಅದರ ಬಾಯಿಗೆ ಜೇಡ ಬಲೆ ಕಟ್ಟಿತ್ತು. ಬೀದಿಯವರು ಆಡಿಕೊಳ್ಳುತ್ತಿದ್ದ ಮಾತು ಅವಳಿಗೆ ನೆನಪಾಯಿತು. ಸಂಜೆ ಆ ದಾರಿಯಲ್ಲಿ ಹೋಗುವಾಗ ಕತ್ತಲೆ ಕೋಣೆಯಿಂದ ಮರ ಕೀಸುವ ಸದ್ದು ಬರುತ್ತದೆ, ದೀಪವಿಲ್ಲ, ಮಾತಿಲ್ಲ, ಸದ್ದು ಮಾತ್ರ ಬರುತ್ತದೆ ಎಂದು ಹೆಂಗಸರು ಹೇಳುತ್ತಿದ್ದರು. ಅಲ್ಲಿ ಕೆಲಸ ಮಾಡುವವನು ಮೇಸ್ತ್ರಿ ಅಲ್ಲ, ಅವನ ಸತ್ತ ಅಪ್ಪ ಎಂದು ಸೈಕಲ್ ಅಂಗಡಿಯವನು ಆಣೆ ಮಾಡಿ ಹೇಳಿದ್ದ. ಆಗ ನಕ್ಕಿದ್ದಳು. ಈಗ ಬಾಗಿಲನ್ನು ಪೂರ್ತಿ ತೆರೆದು ಒಂದು ಕಲ್ಲು ಅಡ್ಡ ಇಟ್ಟಳು.

ಮೂರು ದಿನ ಚೀಟಿ ಬರೆದಳು, ಮುರುಕು ಅನ್ನಿಸಿದ್ದನ್ನು ಒಂದು ಡಬ್ಬಿಗೆ ಎಸೆದಳು. ಉಳಿ, ಬಾಚಿ, ಕೊಡತಿ, ಬೈರಿಗೆ, ಮೂಲೆಮಟ್ಟ. ಒಂದೊಂದೂ ತನ್ನ ಜಾಗದಲ್ಲಿ ಕೂತಿತ್ತು, ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಉಳಿಗಳ ಹಿಡಿಯ ಮೇಲೆ ಒಂದು, ಎರಡು, ಮೂರು ಎಂದು ಕಚ್ಚು ಹಾಕಿತ್ತು. ಗೋಡೆಯುದ್ದಕ್ಕೂ ಸೊಂಟದ ಎತ್ತರಕ್ಕೆ ಒಂದು ಹಗ್ಗ ಕಟ್ಟಿತ್ತು, ಅಲ್ಲಲ್ಲಿ ಗಂಟು. ಮುದುಕನ ಶಿಸ್ತು ಅಂದುಕೊಂಡಳು. ಅವಳನ್ನು ಕಾಡಿದ್ದು ಗರಗಸಗಳು. ಹನ್ನೊಂದು ಗರಗಸ, ಎಲ್ಲವೂ ಹರಿತವಾಗಿದ್ದವು. ಅಪ್ಪನ ಅಂಗಡಿ ತಪ್ಪಿದ ಮೇಲೆ ಇವನ್ನು ಮಸೆದವರು ಯಾರು? ಒಂದನ್ನು ಬಾಗಿಲಿಗೆ ತಂದು ಬೆಳಕಿಗೆ ಹಿಡಿದಳು. ಹಲ್ಲಿನ ಸಾಲು ಅಚ್ಚಿನಲ್ಲಿ ಹೊಡೆದಂತಿತ್ತು. ದಣಿವಿಲ್ಲ, ವಾಲಿಕೆಯಿಲ್ಲ. ಊರಿನಲ್ಲಿ ಈ ಕೆಲಸ ಮಾಡುವ ಐದಾರು ಜನರ ಕೈಯೂ ಅವಳಿಗೆ ಗೊತ್ತು. ಇದು ಅವರಲ್ಲಿ ಯಾರದೂ ಅಲ್ಲ. ಮನುಷ್ಯರ ಕೈ ಹೀಗಿರುವುದಿಲ್ಲ ಎಂಬ ಯೋಚನೆ ಬಂದು ಅದನ್ನು ಬೇಗನೆ ಗೋಡೆಗೆ ತೂಗುಹಾಕಿದಳು.

ನಾಲ್ಕನೆಯ ದಿನ ಬೆಂಚಿನ ಕೆಳಗಿನ ಸೆಳೆಖಾನೆಯಲ್ಲಿ ಎಣ್ಣೆಬಟ್ಟೆ ಸುತ್ತಿದ ಒಂದು ವಸ್ತು ಸಿಕ್ಕಿತು. ಅಂಗೈಯಗಲದ ಗಟ್ಟಿಮರದ ತುಂಡು. ತಳದಲ್ಲಿ ಉದ್ದಕ್ಕೆ ತೆಳ್ಳಗೆ ಸೀಳಿದ ಸಂದು, ನಡುವೆ ಮೇಲಿನವರೆಗೂ ತೆರೆದದ್ದು. ಮೇಲೆ ಸಂದಿನ ಆಚೆಗೊಂದು ಈಚೆಗೊಂದು ಹಿತ್ತಾಳೆಯ ಗೂಟ, ಒಂದು ಮುಂದೆ, ಒಂದು ಸ್ವಲ್ಪ ಹಿಂದೆ, ಎರಡಕ್ಕೂ ದುಂಡನೆಯ ತೂತು. ಪಕ್ಕದಲ್ಲಿ ಉಕ್ಕಿನ ಪುಟ್ಟ ನಾಲಗೆ, ಬೆರಳು ತಾಗಿದರೆ ಟಿಕ್ ಎಂದು ಬೀಳುತ್ತಿತ್ತು. ಒಂದು ಕಡೆ ಹೆಬ್ಬೆರಳು ಕೂರುವಷ್ಟು ಆಳಕ್ಕೆ ಮರ ಸವೆದಿತ್ತು. ಕೊಯ್ಯುವ ಬಾಯಿಲ್ಲ, ಹೊಡೆದ ಗುರುತಿಲ್ಲ, ಅಳತೆಯ ಗೆರೆಯಿಲ್ಲ. ಇಷ್ಟು ಸವೆಯಬೇಕಾದರೆ ಇದು ವರ್ಷಗಟ್ಟಲೆ ದುಡಿದಿರಬೇಕು.

ಆಗ ಅತ್ತೆ ಚಹಾ ತಂದಳು. "ಇದೇನತ್ತೆ?"

ಅತ್ತೆ ಅದನ್ನು ನೋಡಿದಳು. ಆಮೇಲೆ ಲೋಟದ ಕಡೆ ನೋಡಿದಳು. "ನನಗೇನು ಗೊತ್ತಮ್ಮ ಅವನ ಸಾಮಾನು" ಎಂದು ಲೋಟವನ್ನು ಕೊಡದೆ ಕೈಯಲ್ಲೇ ಹಿಡಿದುಕೊಂಡು ಒಳಗೆ ಹೋಗಿಬಿಟ್ಟಳು.

ಗರಗಸದಕ್ಕ ಅದನ್ನು ಮನೆಗೆ ತಂದಳು. ಗಂಡ ತಿರುಗಿಸಿ ತಿರುಗಿಸಿ ನೋಡಿ, "ಬಟ್ಟೆಗೆ ನೆರಿಗೆ ಹಿಡಿಯೋದು" ಎಂದ.

"ನಿಮಗೆ ಜಗತ್ತೆಲ್ಲ ಬಟ್ಟೇನೇ."

"ನಿನಗೆ ಜಗತ್ತೆಲ್ಲ ಗರಗಸ. ಇದು ಗರಗಸದ್ದಲ್ಲ ತಾನೆ?"

"ಗರಗಸದ್ದಾಗಿದ್ರೆ ನನಗೆ ಗೊತ್ತಾಗ್ತಿರ್ಲಿಲ್ವಾ?" ಎಂದು ಗದರಿಸಿದಳು.

ಗಡಿಯಾರ ರಿಪೇರಿಯವನಿಗೆ ತೋರಿಸಿದಳು. ಪುಸ್ತಕ ಹೊಲಿಯುವವನಿಗೆ ತೋರಿಸಿದಳು. ಬೀಗದವನು, "ಇದು ಅರ್ಧ ಇದೆ. ಇನ್ನರ್ಧ ಎಲ್ಲೋ ಇದೆ" ಎಂದ. ಆ ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತು. ಊಟಕ್ಕೆ ಕೂತರೆ ಎಡಗೈ ಅದರ ಮೇಲಿರುತ್ತಿತ್ತು. ಹೆಬ್ಬೆರಳು ತಾನಾಗಿ ಆ ಗುಂಡಿಯಲ್ಲಿ ಕೂರುತ್ತಿತ್ತು. ಬೇರೆಯವರ ಬೆರಳಿನ ಜಾಗದಲ್ಲಿ ತನ್ನ ಬೆರಳು ಎಂದು ತಟ್ಟನೆ ತೆಗೆಯುತ್ತಿದ್ದಳು, ಸ್ವಲ್ಪ ಹೊತ್ತಿಗೆ ಮತ್ತೆ ಅಲ್ಲೇ ಇರುತ್ತಿತ್ತು. ಅಂಗಡಿಯಲ್ಲಿ ಅರ ಉಜ್ಜುತ್ತಿದ್ದರೆ ಹಿಂದೆ ಯಾರೋ ನಿಂತು ಉಸಿರು ಬಿಗಿಹಿಡಿದು ಕೇಳುತ್ತಿದ್ದಾರೆ ಅನ್ನಿಸುತ್ತಿತ್ತು. ನೋಡುತ್ತಿದ್ದಾರೆ ಅಂತಲ್ಲ, ಕೇಳುತ್ತಿದ್ದಾರೆ ಅಂತ. ಹಾಗೇಕೆ ಅನ್ನಿಸಿತೆಂದು ಅವಳಿಗೆ ತಿಳಿಯಲಿಲ್ಲ. "ಅದನ್ನ ವಾಪಸ್ ಇಟ್ಟು ಬಾ ಮಾರಾಯ್ತಿ, ನಿನ್ನ ಮುಖ ನೋಡೋಕಾಗಲ್ಲ" ಎಂದ ಗಂಡ.

ವಾಪಸ್ ಇಡಲೆಂದೇ ಹೋದಳು. ಮಧ್ಯಾಹ್ನ ಮೂರು ಗಂಟೆ. ಕೋಣೆಯ ಒಳಮೂಲೆಯಲ್ಲಿದ್ದಾಗ ಜೋರಾಗಿ ಗಾಳಿ ಬೀಸಿತು, ಕಲ್ಲು ಜಾರಿತು, ಬಾಗಿಲು ದಡ್ಡೆಂದು ಮುಚ್ಚಿಕೊಂಡಿತು. ಕಣ್ಣು ತೆರೆದರೂ ಒಂದೇ, ಮುಚ್ಚಿದರೂ ಒಂದೇ ಎನ್ನುವಂಥ ಕತ್ತಲೆ. ಅತ್ತೆಯನ್ನು ಕೂಗಿದಳು, ಉತ್ತರವಿಲ್ಲ. ಗೋಡೆ ತಡವಿದಾಗ ಹಗ್ಗ ಕೈಗೆ ಸಿಕ್ಕಿತು.

ಹಗ್ಗ ಹಿಡಿದು ಎರಡು ಹೆಜ್ಜೆ ಇಟ್ಟಳು. ಒಂದು ಗಂಟು. ಗಂಟಿನ ನೇರಕ್ಕೆ ಕೈ ಎತ್ತಿದರೆ ಉಳಿಗಳ ಸಾಲು. ಹಿಡಿಯ ಮೇಲೆ ಬೆರಳಿಗೆ ಕಚ್ಚುಗಳು ಸಿಕ್ಕವು, ಒಂದು, ಎರಡು, ಮೂರು. ಮತ್ತೆ ನಡೆದಳು. ಎರಡು ಗಂಟು. ಕೈ ಎತ್ತಿದರೆ ಗರಗಸಗಳು. ಮೂರು ಗಂಟು ಬಂದಲ್ಲಿ ಬೆಂಚಿನ ಮೂಲೆ ಸೊಂಟಕ್ಕೆ ತಾಗಿತು. ಅಲ್ಲಿ ನಿಂತುಬಿಟ್ಟಳು. ಬಲ್ಬಿಲ್ಲದ ಹೋಲ್ಡರು, ಹಲಗೆ ಬಡಿದ ಕಿಟಕಿ, ಎಲ್ಲ ಒಟ್ಟಿಗೆ ಅವಳ ಮೇಲೆ ಬಂದು ಬಿದ್ದವು. ಈ ಕೋಣೆ ಕಣ್ಣಿರುವವರಿಗಾಗಿ ಜೋಡಿಸಿದ್ದಲ್ಲ.

ಬಾಗಿಲು ಈಗ ಹತ್ತಿರದಲ್ಲೇ ಇತ್ತು. ಅವಳು ತೆರೆಯಲಿಲ್ಲ. ಒಂದು ಗರಗಸ ತೆಗೆದು ಬೆಂಚಿನ ದವಡೆಗೆ ಸಿಕ್ಕಿಸಿದಳು, ಹಲ್ಲು ಮೇಲಾಗಿ. ಮರದ ತುಂಡನ್ನು ಅದರ ಮೇಲೆ ಇಟ್ಟಳು. ಸಂದಿಯೊಳಗೆ ಗರಗಸದ ಅಲಗು ಜಾರಿ ಕೂತಿತು. ಹೆಬ್ಬೆರಳು ಗುಂಡಿಗೆ ಹೋಯಿತು. ಮೆಲ್ಲಗೆ ತಳ್ಳಿದಳು. ಟಿಕ್, ನಾಲಗೆ ಒಂದು ಹಲ್ಲಿನ ಸಂದಿಗೆ ಬಿತ್ತು. ಮತ್ತೆ ತಳ್ಳಿದಳು, ಟಿಕ್, ಮುಂದಿನ ಹಲ್ಲು.

ಹಾಗಾದರೆ ಗೂಟಗಳ ತೂತಿನಲ್ಲಿ ಓಡಾಡುವುದು ಅರ. ಮೊದಲ ದಿನ ಮುರುಕು ಸಾಮಾನಿನ ಡಬ್ಬಿಗೆ ಅವಳೇ ಎಸೆದಿದ್ದಳು, ಎರಡೂ ತುದಿಗೆ ದುಂಡನೆಯ ಕಡ್ಡಿ ಸಿಕ್ಕಿಸಿದ ಮೂರು ಮೂಲೆಯ ಅರವೊಂದನ್ನು. ನೆಲದ ಮೇಲೆ ಕೂತು ಡಬ್ಬಿ ತಡವಿ ಅದನ್ನು ಹುಡುಕಿದಳು. ಕಡ್ಡಿಗಳು ತೂತಿನಲ್ಲಿ ಅಳತೆ ಮಾಡಿದಂತೆ ಕೂತವು. ಒಂದು ಸಲ ಉಜ್ಜಿದಳು. ಓರೆ ತಪ್ಪಲಿಲ್ಲ, ಆಳ ತಪ್ಪಲಿಲ್ಲ. ಕಣ್ಣು ಬೇಕಾಗಲಿಲ್ಲ. ಗರಗಸದ ಹಲ್ಲು ಮಸೆಯಲು ಇಂಥದ್ದೊಂದು ಬೇಕಾಗುತ್ತದೆಂದು ಅವಳಿಗೂ, ಅವಳ ಅಪ್ಪನಿಗೂ ಎಂದೂ ಹೊಳೆಯುವಂತಿರಲಿಲ್ಲ. ಅವರಿಗೆ ಕಿಟಕಿಯಿತ್ತು.

ಬಾಗಿಲು ತೆರೆದಾಗ ಅತ್ತೆ ಹೊಸ್ತಿಲಲ್ಲಿ ನಿಂತಿದ್ದಳು. ಬೆಂಚಿನ ಮೇಲಿದ್ದದ್ದನ್ನು ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನಾನು ಹೇಳಲಿಲ್ಲ. ಯಾರಿಗೂ ಹೇಳಬೇಡ ಅಂತ ಮಾತು ತಗೊಂಡಿದ್ದ. ನೀನೇ ಕಂಡುಕೊಂಡೆ" ಎಂದಳು. ಎದೆಯ ಮೇಲಿನ ಕಲ್ಲು ಇಳಿಸಿದವಳಂತೆ ಅಲ್ಲೇ ಕುಸಿದು ಕೂತಳು.

"ಯಾವಾಗಿಂದ ಅತ್ತೆ?"

"ಮೊದಲು ಪಕ್ಕದ್ದು ಕಾಣೋದು ನಿಂತುಹೋಯ್ತು. ಎದುರಿಗಿದ್ದದ್ದು ಮಾತ್ರ, ಕೊಳವೇಲಿ ನೋಡಿದ ಹಾಗೆ ಕಾಣೋದಂತೆ. ಅದೂ ದಿನಾ ಚಿಕ್ಕದಾಗ್ತಾ ಬಂತು. ಡಾಕ್ಟರು ಕೈಚೆಲ್ಲಿದ್ರು. ಕುರುಡ ಬಡಗಿಗೆ ಬಾಗಿಲು ಮಾಡೋಕೆ ಯಾರು ಹೇಳ್ತಾರೆ? ಅದಕ್ಕೇ ಮುಚ್ಚಿಟ್ಟ. ಬಂದವರ ಹತ್ರ ನಾನೇ ಮಾತಾಡ್ತಿದ್ದೆ, ಅಳತೆ ಜೋರಾಗಿ ಓದಿ ಹೇಳ್ತಿದ್ದೆ. ಕೊನೇ ಏಳೆಂಟು ವರ್ಷ ಪೂರ್ತಿ ಕತ್ತಲೆ."

"ಅಪ್ಪ ಬೀದೀಲಿ ಕೈ ಎತ್ತಿದಾಗ..."

"ಕಂಡಿದ್ರೆ ತಾನೆ?"

ಗರಗಸದಕ್ಕನೂ ಪಕ್ಕದಲ್ಲಿ ಕೂತಳು. "ಅಪ್ಪನಿಗಾದ್ರೂ ಹೇಳಬಹುದಿತ್ತಲ್ಲ ಅತ್ತೆ."

"ಹೇಳೋಣ ಅಂತಾನೇ ಇದ್ದ. ಗರಗಸ ವಾಪಸ್ ಬರುವಾಗ ನಿಮ್ಮಪ್ಪನೇ ಬರ್ತಾನೆ, ಕೂರಿಸಿ ಹೇಳ್ತೀನಿ ಅಂದಿದ್ದ." ಅತ್ತೆ ನೆಲ ನೋಡುತ್ತಾ ಹೇಳಿದಳು. "ನೀನು ಬಂದೆ. ನೀನು ಹೋದ ಮೇಲೆ ಅವನು ಬಾಗಿಲು ಹಾಕೋಕೆ ಹೋಗಿ ಅವುಗಳನ್ನೇ ಎಡವಿ ಬಿದ್ದ. ಅಂಗೈ ಕೊಯ್ದುಹೋಯ್ತು. ಮೂರು ವಾರ ಕೆಲಸ ಇಲ್ಲ. ಆಗ್ಲೇ ಕೂತು ಇದನ್ನ ಯೋಚನೆ ಮಾಡಿದ್ದು. ಇನ್ನು ಯಾರ ಮನೆ ಬಾಗಿಲಿಗೂ ಗರಗಸ ಕಳಿಸಲ್ಲ ಅಂದ."

ಗರಗಸದಕ್ಕ ಬಾಗಿಲ ಒಳಗಿನ ನೆಲವನ್ನು ನೋಡಿದಳು, ಅವತ್ತು ತಾನು ಗರಗಸ ಹಾಕಿದ್ದ ಜಾಗವನ್ನು.

"ನಿಮ್ಮಪ್ಪ ಹೋದಾಗ ಬಂದಿದ್ವಿ. ಎಲ್ಲಿ ಮಲಗಿಸಿದ್ದಾರೆ ಅಂತ ಅವನಿಗೆ ಗೊತ್ತಾಗ್ಲಿಲ್ಲ. ಕಿವೀಲಿ ಹೇಳೋಣ ಅಂದ್ರೆ ನೀನು ಪಕ್ಕದಲ್ಲೇ ನಿಂತು ದುರುಗುಟ್ಟಿ ನೋಡ್ತಿದ್ದೆ. ದಾರಿಯುದ್ದಕ್ಕೂ ಕೇಳ್ತಾ ಬಂದ, ಅವನು ಸೊರಗಿದ್ನಾ, ಗಡ್ಡ ಬಿಟ್ಟಿದ್ನಾ ಅಂತ."

ಆ ಹತಾರಕ್ಕೆ ಚೀಟಿ ಬರೆಯಲು ಅವಳಿಗೆ ಒಂದು ವಾರ ಹಿಡಿಯಿತು. "ಬರೆದುಬಿಡು. ಇನ್ನು ಅವನ ಬಾಗಿಲುಗಳನ್ನ ಕುರುಡ ಮಾಡಿದ್ದು ಅಂತ ಯಾರೂ ವಾಪಸ್ ತಂದುಕೊಡಲ್ಲ" ಎಂದು ಅತ್ತೆಯೇ ಹೇಳಿದಳು. ಅವಳು ಬರೆದಳು: "ಗರಗಸದ ಹಲ್ಲು ಮಸೆಯಲು ಅರಕ್ಕೆ ಆಸರೆ. ಕಣ್ಣು ಕಳೆದುಕೊಂಡ ಬಡಗಿ ತನಗಾಗಿ ಮಾಡಿಕೊಂಡದ್ದು. ಬೇರೆಲ್ಲೂ ಇಲ್ಲ." ಕಸಬಿನ ಶಾಲೆಯ ಮೇಷ್ಟ್ರು ಓದಿ, "ಇದನ್ನ ಮಾಡೋ ಅಗತ್ಯ ಯಾಕೆ ಬಂತು? ಊರಲ್ಲಿ ಗರಗಸ ಮಸೆಯೋರು ಇದ್ರಲ್ಲ?" ಎಂದು ಕೇಳಿದರು.

"ಇದ್ರು" ಎಂದಳು ಗರಗಸದಕ್ಕ. "ನಾನಿದ್ದೆ. ಮಸೆಯಲ್ಲ ಅಂದ್ವಿ."

ಅವಳು ಅಷ್ಟಕ್ಕೆ ಬಿಡಲಿಲ್ಲ. ಬೀದಿಯಲ್ಲಿ ಒಬ್ಬೊಬ್ಬರಿಗೂ ಹೇಳಿದಳು, ತನ್ನ ಮಾತನ್ನೂ ಬಿಡದೆ, ಗರಗಸ ನೆಲಕ್ಕೆ ಹಾಕಿದ್ದನ್ನೂ ಬಿಡದೆ. ಸೈಕಲ್ ಅಂಗಡಿಯವನು ತಲೆ ತಗ್ಗಿಸಿದ. ಅವನ ಮನೆಯ ಮುಂಬಾಗಿಲು ಮೇಸ್ತ್ರಿ ಮಾಡಿದ್ದು, ಆರು ವರ್ಷದ ಹಿಂದೆ. ಅವತ್ತು ಸಂಜೆ ಅವನು ಮನೆಯ ಹೊರಗೆ ನಿಂತು, ಕಣ್ಣು ಮುಚ್ಚಿಕೊಂಡು, ಆ ಬಾಗಿಲಿನ ಅಂಚನ್ನು ಮೇಲಿಂದ ಕೆಳಗೆ ಸವರುತ್ತಿದ್ದದ್ದನ್ನು ಜನ ನೋಡಿದರು. ಆ ತಿಂಗಳೆಲ್ಲ ಬೀದಿಯಲ್ಲಿ ಅದೇ ನಡೆಯಿತು. ಯಾರೋ ಸ್ಟೂಲು ಸವರುವರು, ಯಾರೋ ಕಿಟಕಿಯ ಚೌಕಟ್ಟು ಸವರುವರು. ಸಂದು ಹುಡುಕಿದವರಿಗೆ ಸಂದು ಸಿಗಲಿಲ್ಲ.

ಗರಗಸದಕ್ಕ ಆಮೇಲೆ ಮಾತು ಕಡಿಮೆ ಮಾಡಿದಳು. ಬಡಗಿಗಳು ಕೆಣಕಿದರೂ ನಕ್ಕು ಸುಮ್ಮನಾಗುತ್ತಿದ್ದಳು. ಎದುರಿಗೆ ಬಂದವರು ನೋಡದೆ ಹೋದರೆ ತಾನೇ ಹತ್ತಿರ ಹೋಗಿ, "ನಾನು, ಗರಗಸದಕ್ಕ" ಎನ್ನುತ್ತಿದ್ದಳು. ಒಬ್ಬಳೇ ಅರ ಉಜ್ಜುವಾಗ ಈಗಲೂ ಹಿಂದೆ ಯಾರೋ ಕಿವಿಗೊಟ್ಟು ನಿಂತಿರುತ್ತಿದ್ದರು. ತಿರುಗಿ ನೋಡುವುದನ್ನು ಬಿಟ್ಟಳು.

ವಾರಕ್ಕೊಮ್ಮೆ ಅತ್ತೆಯ ಮನೆಗೆ ಹೋಗುವುದು ರೂಢಿಯಾಯಿತು. ಅತ್ತೆಗೆ ಮಂಡಿನೋವು, ಇವಳು ಎಣ್ಣೆ ತಿಕ್ಕುತ್ತಿದ್ದಳು. ಒಂದು ದಿನ ತಿಕ್ಕುತ್ತಾ, ತಲೆ ಎತ್ತದೆ, ಬಹಳ ದಿನದಿಂದ ನುಂಗಿಕೊಂಡಿದ್ದದ್ದನ್ನು ಕೇಳಿದಳು.

"ಅತ್ತೆ, ನಾನಂದ ಮಾತಿಗೆ ದೊಡ್ಡಪ್ಪ ನನ್ನ ಬೈದಿದ್ರಾ? ಯಾವತ್ತಾದ್ರೂ, ಕೋಪದಲ್ಲಾದ್ರೂ?"

ಮುಚ್ಚಿಡಲು ಈಗ ಅತ್ತೆಯ ಬಳಿ ಏನೂ ಉಳಿದಿರಲಿಲ್ಲ.

"ಇಲ್ಲ" ಎಂದಳು. "ನಿನ್ನ ಹೆಸರೇ ಎತ್ತಲಿಲ್ಲ."

ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ. ಎಣ್ಣೆಯ ಬಟ್ಟಲನ್ನು ಹತ್ತಿರ ಎಳೆದುಕೊಂಡು ಇನ್ನೊಂದು ಮಂಡಿಗೆ ಹಚ್ಚತೊಡಗಿದಳು.